ಗಲ್ಲೆಯ ಮ್ಯಾನೇಜರ್, ಮೈದಾನದ ಮ್ಯಾನೇಜರ್

ಉಲ್ಹಾಸನಗರ, ಕಲ್ಯಾಣ್, ಡೊಂಬಿವಲಿ ಕಡೆಯ ನಮ್ಮವರಿಗೆ ‘ಮ್ಯಾನೇಜರ್’ ಎಂದ ಕೂಡಲೇ ಕಣ್ಣೆದುರು ಬರುವುದು ಹೋಟೆಲಿನ ಗಲ್ಲೆ. ಊರಿಂದ ಸಣ್ಣ ಪ್ರಾಯದಲ್ಲಿ ಬಂದು, ಮೇಜು ಒರೆಸಿ, ಕಪ್ಪು ಬಸಿ ತೊಳೆದು, ರಾತ್ರಿಶಾಲೆಯಲ್ಲಿ ನಾಲ್ಕಕ್ಷರ ಕಲಿತು, ಸಪ್ಲೈಯರ್ ಆಗಿ, ಕೊನೆಗೊಂದು ದಿನ ಗಲ್ಲೆಯ ಹಿಂದೆ ಕೂತವರು ನಮ್ಮ ನಡುವೆ ಎಷ್ಟು ಮಂದಿ ಇಲ್ಲ? ಕೆಲಸ ಗೊತ್ತಿದ್ದವನೇ ಕೆಲಸ ಮಾಡಿಸಬಲ್ಲ ಎಂಬುದು ಅವರನ್ನು ನೋಡಿ ಹುಟ್ಟಿದ ಮಾತಿರಬೇಕು.

ಆದರೆ ಹೋಟೆಲ್ ನಡೆಸಿದವರನ್ನು ಕೇಳಿದರೆ ಇನ್ನೊಂದು ಮಾತನ್ನೂ ಹೇಳುತ್ತಾರೆ. ಎಂಟು ಮೇಜಿನ ಆರ್ಡರನ್ನು ಬರೆದುಕೊಳ್ಳದೆ ನೆನಪಿಟ್ಟು ತಂದುಕೊಡುವ ಚುರುಕು ಹುಡುಗನೇ ಗಲ್ಲೆಗೆ ಕೂತ ಮೇಲೆ ತಡವರಿಸುವುದುಂಟು. ತಾನು ಮಾಡುವುದು ಬೇರೆ, ಹತ್ತು ಜನರಿಂದ ಮಾಡಿಸುವುದು ಬೇರೆ. ಮೊದಲನೆಯದಕ್ಕೆ ಕೈಕಾಲು ಚುರುಕಿದ್ದರೆ ಸಾಕು. ಎರಡನೆಯದಕ್ಕೆ ತಾಳ್ಮೆ ಬೇಕು, ಜನರನ್ನು ಓದುವ ಕಣ್ಣು ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮೊದಲ ಆರು ತಿಂಗಳ ತಪ್ಪುಗಳನ್ನು ಸಹಿಸಿಕೊಳ್ಳುವ ಒಬ್ಬ ಧಣಿ ಬೇಕು, ಮತ್ತು ಅಷ್ಟು ದಿನ ಬಾಗಿಲು ತೆರೆದಿರುವ ಒಂದು ಹೋಟೆಲ್ ಬೇಕು.

ಫುಟ್ಬಾಲಿನಲ್ಲೂ ಒಬ್ಬ ಮ್ಯಾನೇಜರ್ ಇರುತ್ತಾನೆ. ಇಂಗ್ಲೆಂಡಿನವರು ಹಾಗೆ ಕರೆಯುತ್ತಾರೆ, ನಾವು ಕೋಚ್ ಎನ್ನುತ್ತೇವೆ. ಯಾರನ್ನು ಆಡಿಸಬೇಕು, ಯಾರನ್ನು ಕೂರಿಸಬೇಕು, ಸೋತ ದಿನ ಪತ್ರಕರ್ತರ ಮುಂದೆ ಯಾರು ನಿಲ್ಲಬೇಕು ಎಂಬುದೆಲ್ಲ ಅವನ ತಲೆಗೆ. 2017ರ ಅಕ್ಟೋಬರಿನಲ್ಲಿ ನೆರೂಳಿನ ಡಿ.ವೈ. ಪಾಟೀಲ್ ಸ್ಟೇಡಿಯಂನಲ್ಲಿ 17 ವರ್ಷದೊಳಗಿನವರ ವಿಶ್ವಕಪ್ಪಿನ ಸೆಮಿಫೈನಲ್ ನಡೆಯಿತು. ಸ್ಪೇನ್ ಹುಡುಗರು ಮಾಲಿ ದೇಶದ ಹುಡುಗರನ್ನು 3-1ರಿಂದ ಸೋಲಿಸಿದರು. ಆ ರಾತ್ರಿ ಗ್ಯಾಲರಿಯಲ್ಲಿ ಕೂತ ನಾನು ಚೆಂಡಿಗಿಂತ ಹೆಚ್ಚು ನೋಡಿದ್ದು ಗೆರೆಯಾಚೆ ನಿಂತ ಇಬ್ಬರು ಕೋಚ್‌ಗಳನ್ನು. ಹುಡುಗರಾದರೂ ಓಡಿ ಬೆವರಿ ಹಗುರಾಗುತ್ತಾರೆ. ಇವರಿಗೆ ನಿಂತಲ್ಲೇ ಬೆವರು. ಅಂದಿನಿಂದ ಆಟಗಾರ ಕೋಚ್ ಆಗುವುದು ಹೇಗೆ ಎಂಬ ಕುತೂಹಲ ನನ್ನನ್ನು ಬಿಟ್ಟಿಲ್ಲ. ಈ ಸಲದ ಅಂಕಣದಲ್ಲಿ ಅಂಥ ಇಬ್ಬರ ಕತೆ ಇದೆ. ಒಬ್ಬರು ಚಿಲಿ ದೇಶದವರು, ಇನ್ನೊಬ್ಬರು ನಮ್ಮ ಬೆಂಗಳೂರಿನವರು.

ಮೊದಲು ಚಿಲಿಗೆ ಹೋಗೋಣ. ದಕ್ಷಿಣ ಅಮೆರಿಕದ ಪಡುಗಡೆಗೆ ರಿಬ್ಬನ್ನಿನ ಹಾಗೆ ಅಂಟಿಕೊಂಡ ದೇಶ ಅದು. ಉದ್ದ ಸುಮಾರು 4,300 ಕಿಲೋಮೀಟರ್, ಅಂದರೆ ನಮ್ಮ ಕಾಶ್ಮೀರ ಕನ್ಯಾಕುಮಾರಿಗಿಂತಲೂ ಉದ್ದ. ಅಗಲ ಮಾತ್ರ ಕಡಿಮೆ. ನಮ್ಮ ಕರಾವಳಿಯ ಹಾಗೆಯೇ ಒಂದು ಕಡೆ ಕಡಲು, ಇನ್ನೊಂದು ಕಡೆ ಬೆಟ್ಟ. ಅಲ್ಲಿನ ರಾಜಧಾನಿ ಸ್ಯಾಂಟಿಯಾಗೊದಲ್ಲಿ 1953ರ ಸೆಪ್ಟೆಂಬರಿನಲ್ಲಿ ಹುಟ್ಟಿದವರು ಮ್ಯಾನುಯೆಲ್ ಪೆಲೆಗ್ರಿನಿ. ಹಿಂದೆ ನಿಂತು ಎದುರಾಳಿಯನ್ನು ತಡೆಯುವ ಡಿಫೆಂಡರ್. 1973ರಿಂದ 1986ರವರೆಗೆ ಯೂನಿವರ್ಸಿಡಾಡ್ ಡಿ ಚಿಲಿ ಎಂಬ ಒಂದೇ ಕ್ಲಬ್ಬಿಗೆ ಆಡಿದರು. ಆಡುತ್ತಾ ಆಡುತ್ತಾ 1979ರಲ್ಲಿ ಸಿವಿಲ್ ಇಂಜಿನಿಯರಿಂಗ್ ಪದವಿಯನ್ನೂ ಮುಗಿಸಿದರು. ಇವತ್ತಿಗೂ ಅವರನ್ನು ‘ಇಂಜಿನಿಯರ್’ ಎಂದೇ ಕರೆಯುತ್ತಾರೆ.

ಆಟ ನಿಲ್ಲಿಸಿದ ಪ್ರಸಂಗವನ್ನು ಅವರೇ ನಗುತ್ತ ಹೇಳಿಕೊಂಡಿದ್ದಾರೆ. ಒಂದು ಪಂದ್ಯದಲ್ಲಿ ಚೆಂಡಿಗೆ ತಲೆ ಕೊಡಲು ಇವರು ಹಾರಿದರು. ಎಳೆಯ ಹುಡುಗನೊಬ್ಬ ಇವರಿಗಿಂತ ಎಷ್ಟೋ ಮೇಲೆ ಹಾರಿ ಗೋಲು ಹೊಡೆದ. ಇನ್ನು ಸಾಕು ಎಂದು ಅವತ್ತೇ ತೀರ್ಮಾನಿಸಿದರಂತೆ. ಆ ಹುಡುಗ ಇವಾನ್ ಜಮೊರಾನೊ. ಮುಂದೆ ರಿಯಲ್ ಮ್ಯಾಡ್ರಿಡ್‌ಗೆ ಆಡಿ ಹೆಸರು ಮಾಡಿದವನು.

1988ರಲ್ಲಿ ಪೆಲೆಗ್ರಿನಿ ತಾನು ಆಡಿದ ಅದೇ ಕ್ಲಬ್ಬಿಗೆ ಕೋಚ್ ಆದರು. ಏನಾಯಿತು ಗೊತ್ತೆ? ಆ ಟೂರ್ನಿಯ ಕೊನೆಗೆ ಕ್ಲಬ್ ಎರಡನೇ ದರ್ಜೆಗೆ ಇಳಿಯಿತು. ಚಿಲಿಯ ದೊಡ್ಡ ಕ್ಲಬ್ಬುಗಳಲ್ಲಿ ಒಂದಾದ ಅದರ ಇತಿಹಾಸದಲ್ಲಿ ಅಂಥ ಅವಮಾನ ಅದೊಂದೇ ಸಲ. ನಮ್ಮಲ್ಲಾದರೆ ಆ ಮನುಷ್ಯ ಮತ್ತೆ ಮೈದಾನದ ಕಡೆ ಮುಖ ಹಾಕುತ್ತಿದ್ದರೋ ಇಲ್ಲವೋ. ಇಂಜಿನಿಯರಿಂಗ್ ಪದವಿ ಕೈಯಲ್ಲಿತ್ತು, ಮನೆ ಕಟ್ಟಿಸಿಕೊಂಡು ಬದುಕಬಹುದಿತ್ತು. ಆದರೆ ಚಿಲಿಯಲ್ಲೇ ಬೇರೆ ಕ್ಲಬ್ಬುಗಳು ಕರೆದವು. ಹತ್ತು ವರ್ಷ ಅಲ್ಲೇ ತಿರುಗಿದರು. 1999ರಲ್ಲಿ ಇಕ್ವೆಡಾರ್‌ಗೆ ಹೋಗಿ ಎಲ್‌ಡಿಯು ಕ್ವಿಟೊ ಕ್ಲಬ್ಬಿಗೆ ದೇಶದ ಲೀಗ್ ಗೆದ್ದುಕೊಟ್ಟರು. ಅಲ್ಲಿಂದ ಅರ್ಜೆಂಟೀನ. ಸ್ಯಾನ್ ಲೊರೆಂಜೊ ಕ್ಲಬ್ಬಿಗೆ ಅದರ ಮೊದಲ ಅಂತಾರಾಷ್ಟ್ರೀಯ ಪ್ರಶಸ್ತಿ, ಆಮೇಲೆ 2003ರಲ್ಲಿ ರಿವರ್ ಪ್ಲೇಟ್ ಕ್ಲಬ್ಬಿಗೆ ಲೀಗ್.

2004ರಲ್ಲಿ ಸ್ಪೇನಿನ ವಿಯಾರಿಯಲ್ ಕ್ಲಬ್ ಕರೆಯಿತು. ವಿಯಾರಿಯಲ್ ಎಂದರೆ ಸುಮಾರು 50 ಸಾವಿರ ಜನರ ಊರು. 2011ರ ಜನಗಣತಿಯಲ್ಲಿ ನಮ್ಮ ಉಲ್ಹಾಸನಗರದ ಜನಸಂಖ್ಯೆ 5 ಲಕ್ಷ ದಾಟಿತ್ತು. ಅಂದರೆ ನಮ್ಮಲ್ಲಿಯ ಒಂದು ಕ್ಯಾಂಪಿನಷ್ಟೂ ಜನ ಇಲ್ಲದ ಊರು ಎನ್ನಿ. ಆ ಊರಿನ ತಂಡವನ್ನು ಪೆಲೆಗ್ರಿನಿ 2006ರಲ್ಲಿ ಯುರೋಪಿನ ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ವರೆಗೆ ಕೊಂಡೊಯ್ದರು. 2009ರಲ್ಲಿ ರಿಯಲ್ ಮ್ಯಾಡ್ರಿಡ್ ಸೇರಿದರು. ಆ ವರ್ಷ ತಂಡ 96 ಅಂಕ ಗಳಿಸಿತು, ಬಾರ್ಸಿಲೋನ 99 ಗಳಿಸಿತು. ಎರಡನೇ ಸ್ಥಾನಕ್ಕೆ ಇವರ ಕೆಲಸ ಹೋಯಿತು. ಮಲಾಗ ಎಂಬ ಇನ್ನೊಂದು ಸಣ್ಣ ಕ್ಲಬ್ ಕೈಹಿಡಿಯಿತು. 2013ರಲ್ಲಿ ಅದನ್ನೂ ಚಾಂಪಿಯನ್ಸ್ ಲೀಗಿನ ಕ್ವಾರ್ಟರ್ ಫೈನಲ್‌ಗೆ ಮುಟ್ಟಿಸಿದರು. ಆಮೇಲೆ ಮ್ಯಾಂಚೆಸ್ಟರ್ ಸಿಟಿ. 2014ರಲ್ಲಿ ಪ್ರೀಮಿಯರ್ ಲೀಗ್ ಗೆದ್ದಾಗ ಯುರೋಪಿನ ಹೊರಗಿನ ಕೋಚ್ ಒಬ್ಬರು ಅದನ್ನು ಗೆದ್ದದ್ದು ಅದೇ ಮೊದಲು. ಅವರಿಗಾಗ 60 ವರ್ಷ. 2022ರಲ್ಲಿ ಸ್ಪೇನಿನ ಬೆಟಿಸ್ ಕ್ಲಬ್ಬಿಗೆ ಕೋಪಾ ಡೆಲ್ ರೇ ಗೆದ್ದುಕೊಟ್ಟರು. 2025ರಲ್ಲಿ, 71ರ ವಯಸ್ಸಿನಲ್ಲಿ, ಅದೇ ಕ್ಲಬ್ಬನ್ನು ಯುರೋಪಿನ ಕಾನ್ಫರೆನ್ಸ್ ಲೀಗ್ ಫೈನಲ್‌ಗೆ ಕರೆದೊಯ್ದರು. ಅಲ್ಲಿ ಚೆಲ್ಸಿ ಎದುರು ಸೋತರು. ಸೋಲು ಅವರಿಗೆ ಹೊಸತಲ್ಲವಲ್ಲ.

ಈ ಪಟ್ಟಿಯಲ್ಲಿ ನನಗೆ ದೊಡ್ಡದಾಗಿ ಕಾಣುವುದು ಕಪ್ಪುಗಳಲ್ಲ. ಮೊದಲ ಕೆಲಸದಲ್ಲೇ ತನ್ನ ಸ್ವಂತ ಕ್ಲಬ್ಬನ್ನು ಮುಳುಗಿಸಿದ ಒಬ್ಬ ಕೋಚ್‌ಗೆ ಕಲಿಯಲು ಮತ್ತೆ ಹದಿನೈದು ವರ್ಷ ಸಿಕ್ಕಿತು ಎಂಬುದು. ಅವರು ಕೆಲಸ ಮಾಡಿದ ದಕ್ಷಿಣ ಅಮೆರಿಕದ, ಸ್ಪೇನಿನ ಆ ಕ್ಲಬ್ಬುಗಳೆಲ್ಲ ಇವತ್ತಿಗೂ ಇವೆ. ಕೋಚ್ ಬಂದರೂ ಹೋದರೂ ಮನೆ ನಿಂತಿದೆ.

ಈಗ ನಮ್ಮ ಬೆಂಗಳೂರಿಗೆ ಬರೋಣ.

ಬೆಂಗಳೂರಿನ ಫುಟ್ಬಾಲಿಗೂ ಮುಂಬೈಗೂ ಹಳೆಯ ನಂಟಿದೆ. ನಮ್ಮ ಕೂಪರೇಜ್ ಮೈದಾನದ ಹೆಸರಿನ ಜೊತೆ ಬೆಸೆದುಕೊಂಡಿದ್ದ ರೋವರ್ಸ್ ಕಪ್ ಶುರುವಾದದ್ದು 1891ರಲ್ಲಿ. ಬ್ರಿಟಿಷ್ ಪಲ್ಟನ್‌ಗಳೇ ಗೆಲ್ಲುತ್ತಿದ್ದ ಆ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡ ಯಾವುದು ಗೊತ್ತೆ? ಕೋಲ್ಕತ್ತದ್ದಲ್ಲ, ಮುಂಬೈಯದ್ದೂ ಅಲ್ಲ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್. ಮರುವರ್ಷ ಮತ್ತೆ ಗೆದ್ದರು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸ್ ಎದುರು ಭಾರತದ ಒಂದೇ ಗೋಲನ್ನು ಹೊಡೆದವರು ಬೆಂಗಳೂರಿನ ಎಸ್. ರಾಮನ್. ಅದೇ ತಂಡದಲ್ಲಿದ್ದು, ಆಮೇಲೆ ಈಸ್ಟ್ ಬೆಂಗಾಲ್‌ನಲ್ಲಿ ಮನೆಮಾತಾದ ಅಹ್ಮದ್ ಖಾನ್ ಕೂಡ ಬೆಂಗಳೂರಿನವರೇ. ಹಲಸೂರಿನ ಹತ್ತಿರದ ಗೌತಮಪುರದಲ್ಲಿ ಪೆಲೆಯ ಪ್ರತಿಮೆಯನ್ನೇ ನಿಲ್ಲಿಸಿಕೊಂಡಿದ್ದಾರೆ. ಕ್ರಿಕೆಟ್ಟಿನ ಬೆಂಗಳೂರಿನ ಒಳಗೆ ಫುಟ್ಬಾಲಿನ ಬೇರೊಂದು ಬೆಂಗಳೂರು ಹೀಗೆ ಬದುಕಿದೆ.

ಆ ಬೆಂಗಳೂರಿನಲ್ಲಿ 1971ರ ಏಪ್ರಿಲಿನಲ್ಲಿ ಹುಟ್ಟಿದವರು ಕಾರ್ಲ್ಟನ್ ಚಾಪ್ಮನ್. ಮೈದಾನದ ನಡುವೆ ನಿಂತು ಆಟ ಕಟ್ಟುವ ಮಿಡ್‌ಫೀಲ್ಡರ್. ಊರಲ್ಲಿ ಆಡಿ, 1990ರಲ್ಲಿ ಜಮ್‌ಶೆಡ್‌ಪುರದ ಟಾಟಾ ಫುಟ್ಬಾಲ್ ಅಕಾಡೆಮಿ ಸೇರಿದರು. ಹತ್ತೊಂಬತ್ತರ ಪ್ರಾಯದಲ್ಲಿ ಟ್ರಂಕು ಹಿಡಿದು ಊರು ಬಿಡುವುದು ಏನೆಂದು ಈ ಪತ್ರಿಕೆಯ ಓದುಗರಿಗೆ ಬೇರೆ ಹೇಳಬೇಕಿಲ್ಲ. 1993ರಲ್ಲಿ ಅಲ್ಲಿಂದ ಕೋಲ್ಕತ್ತದ ಈಸ್ಟ್ ಬೆಂಗಾಲ್. ಬಂದ ವರ್ಷವೇ ಏಷ್ಯನ್ ಕಪ್ ವಿನ್ನರ್ಸ್ ಕಪ್ ಪಂದ್ಯದಲ್ಲಿ ಇರಾಕಿನ ಅಲ್ ಜವ್ರಾ ತಂಡದ ಎದುರು ಮೂರು ಗೋಲು ಹೊಡೆದರು. ಈಸ್ಟ್ ಬೆಂಗಾಲ್ 6-2ರಿಂದ ಗೆದ್ದಿತು. ಇರಾಕಿನ ಕ್ಲಬ್ಬಿನ ಮೇಲೆ ಭಾರತದ ತಂಡವೊಂದು ಆರು ಗೋಲು ಹಾಕುವುದೆಂದರೆ ಅಂದಿಗೂ ಇಂದಿಗೂ ಸುದ್ದಿಯೇ.

1995ರಲ್ಲಿ ಪಂಜಾಬಿನ ಫಗ್ವಾಡಕ್ಕೆ, ಜೆಸಿಟಿ ತಂಡಕ್ಕೆ. ಜೆಸಿಟಿ ಎಂದರೆ ಬಟ್ಟೆ ಗಿರಣಿ. ಗಿರಣಿಯ ತಂಡ ಅದು, ನಮ್ಮ ಮುಂಬೈಯ ಮಫತ್‌ಲಾಲ್, ಓರ್ಕೆ ಮಿಲ್ಸ್ ತಂಡಗಳ ಹಾಗೆ. ಅಲ್ಲಿ ಕೇರಳದ ಐ.ಎಂ. ವಿಜಯನ್, ಸಿಕ್ಕಿಮಿನ ಬೈಚುಂಗ್ ಭುಟಿಯಾ ಜೊತೆಗಾರರು. ಬೆಂಗಳೂರಿನವ ಆಟ ಕಟ್ಟುವುದು, ತ್ರಿಶ್ಶೂರಿನವ ಮತ್ತು ಸಿಕ್ಕಿಮಿನವ ಗೋಲು ಹೊಡೆಯುವುದು, ಸಂಬಳ ಕೊಡುವುದು ಪಂಜಾಬಿನ ಗಿರಣಿ. ಚಾಪ್ಮನ್ ಇದ್ದ ಆ ಎರಡು ವರ್ಷಗಳಲ್ಲಿ ಜೆಸಿಟಿ 14 ಪ್ರಶಸ್ತಿ ಗೆದ್ದಿತು. ಅದರಲ್ಲಿ 1996-97ರಲ್ಲಿ ಮೊದಲ ಸಲ ನಡೆದ ರಾಷ್ಟ್ರೀಯ ಫುಟ್ಬಾಲ್ ಲೀಗೂ ಒಂದು. 1997ರಲ್ಲಿ ಕಾಠ್ಮಂಡುವಿನಲ್ಲಿ ಭಾರತ ಸ್ಯಾಫ್ ಕಪ್ ಗೆದ್ದಾಗ ಚಾಪ್ಮನ್ ತಂಡದಲ್ಲಿದ್ದರು. ದೇಶದ ತಂಡಕ್ಕೆ ನಾಯಕರೂ ಆದರು. ನಡುವೆ ಒಂದು ವರ್ಷ ಎಫ್‌ಸಿ ಕೊಚ್ಚಿನ್, ಮತ್ತೆ ಈಸ್ಟ್ ಬೆಂಗಾಲ್. 2000-01ರಲ್ಲಿ ಅವರ ನಾಯಕತ್ವದಲ್ಲಿ ಈಸ್ಟ್ ಬೆಂಗಾಲ್ ರಾಷ್ಟ್ರೀಯ ಲೀಗ್ ಗೆದ್ದಿತು. ಮೂವತ್ತರ ಹೊಸ್ತಿಲಲ್ಲಿ, ಕಪ್ಪು ಕೈಯಲ್ಲಿದ್ದಾಗಲೇ, ದೊಡ್ಡ ಆಟಕ್ಕೆ ವಿದಾಯ ಹೇಳಿದರು.

ಇಲ್ಲಿಗೆ ನಿಲ್ಲಿಸಿ ಹೋಲಿಸಿ ನೋಡಿ. ಆಟಗಾರರಾಗಿ ಪೆಲೆಗ್ರಿನಿ ಒಂದು ಕ್ಲಬ್ಬಿನ ನಂಬಿಕಸ್ಥ ಡಿಫೆಂಡರ್, ಅಷ್ಟೆ. ಚಾಪ್ಮನ್ ದೇಶದ ನಾಯಕ, ಲೀಗ್ ಗೆದ್ದ ನಾಯಕ. ಎರಡನೇ ಇನಿಂಗ್ಸಿಗೆ ಯಾರ ಬಂಡವಾಳ ದೊಡ್ಡದು? ಕಾಗದದ ಮೇಲೆ ಚಾಪ್ಮನ್ ಅವರದೇ.

ಆದರೆ ಅವರ ಎರಡನೇ ಇನಿಂಗ್ಸ್ ನಡೆದ ದಾರಿ ಹೀಗಿದೆ. ಮೊದಲು ತಾನು ಕಲಿತ ಟಾಟಾ ಅಕಾಡೆಮಿಯ ಹುಡುಗರಿಗೆ ಕೋಚ್, ಎರಡನೇ ದರ್ಜೆಯ ಲೀಗಿನಲ್ಲಿ. 2008ರ ಕೊನೆಗೆ ಶಿಲ್ಲಾಂಗಿನ ರಾಯಲ್ ವಾಹಿಂಗ್‌ಡೋ ಕ್ಲಬ್. ಆಮೇಲೆ ಕೋಲ್ಕತ್ತದ ಭವಾನಿಪುರ್, ಬೆಂಗಳೂರಿನ ಸ್ಟೂಡೆಂಟ್ಸ್ ಯೂನಿಯನ್, ದೆಹಲಿಯ ಸುದೇವಾ. 2017ರ ಕೊನೆಗೆ ಕೋಯಿಕ್ಕೋಡಿನ ಕ್ವಾರ್ಟ್ಸ್ ಎಫ್‌ಸಿಯಲ್ಲಿ ತಾಂತ್ರಿಕ ನಿರ್ದೇಶಕ. ಜಮ್‌ಶೆಡ್‌ಪುರ, ಶಿಲ್ಲಾಂಗ್, ಕೋಲ್ಕತ್ತ, ಬೆಂಗಳೂರು, ದೆಹಲಿ, ಕೋಯಿಕ್ಕೋಡು. ದೇಶದ ನಾಲ್ಕು ದಿಕ್ಕೂ ಆಯಿತು. ಎಲ್ಲ ಕಡೆಯೂ ಸಣ್ಣ ಕ್ಲಬ್ಬು, ಎಳೆಯ ಹುಡುಗರು. ತಾನು ಕಪ್ ಎತ್ತಿದಂಥ ದೊಡ್ಡ ಲೀಗಿನ ಗೆರೆಯಾಚೆ ಮುಖ್ಯ ಕೋಚ್ ಆಗಿ ನಿಲ್ಲುವ ದಿನ ಬರಲೇ ಇಲ್ಲ. 2020ರ ಅಕ್ಟೋಬರ್ 12ರ ಬೆಳಗಿನ ಜಾವ ಬೆಂಗಳೂರಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. 49 ವರ್ಷ.

49ನೇ ವಯಸ್ಸಿನಲ್ಲಿ ಪೆಲೆಗ್ರಿನಿ ಎಲ್ಲಿದ್ದರು? ಅರ್ಜೆಂಟೀನದಲ್ಲಿ. ಯುರೋಪಿನ ಒಂದು ಕ್ಲಬ್ಬೂ ಅವರನ್ನು ಇನ್ನೂ ಕರೆದಿರಲಿಲ್ಲ. ಇವತ್ತು ಅವರ ಹೆಸರು ಹೇಳಿದರೆ ನೆನಪಾಗುವ ವಿಯಾರಿಯಲ್, ಮ್ಯಾಂಚೆಸ್ಟರ್, ಬೆಟಿಸ್ ಎಲ್ಲವೂ ಆಮೇಲಿನದು. ಕೋಚ್ ಎಂಬ ಮರ ಫಲ ಕೊಡುವುದು ನಿಧಾನಕ್ಕೆ. ಆಟಗಾರನ ಆಯಸ್ಸು ಮೂವತ್ತೈದಕ್ಕೆ ಮುಗಿದರೆ ಕೋಚಿನ ಆಯಸ್ಸು ಐವತ್ತಕ್ಕೆ ಶುರುವಾಗುತ್ತದೆ. ಚಾಪ್ಮನ್ ಅವರಿಗೆ ಆ ಹೊತ್ತು ಸಿಗಲಿಲ್ಲ. ಅದಕ್ಕೆ ವಿಧಿ ಎನ್ನೋಣ. ಆದರೆ ಆ ಹದಿನೆಂಟು ಹತ್ತೊಂಬತ್ತು ವರ್ಷ ಅವರು ಸಣ್ಣ ಬಾಗಿಲುಗಳನ್ನೇ ತಟ್ಟಬೇಕಾಗಿ ಬಂದದ್ದಕ್ಕೆ ವಿಧಿ ಎನ್ನಲು ನನಗೆ ಮನಸ್ಸಾಗುವುದಿಲ್ಲ.

ಅವರು ಆಡಿದ ಕ್ಲಬ್ಬುಗಳ ಕತೆ ನೋಡಿ. ಎಫ್‌ಸಿ ಕೊಚ್ಚಿನ್ ಕೆಲವೇ ವರ್ಷ ಬದುಕಿ ಮುಚ್ಚಿತು. ಮೊದಲ ರಾಷ್ಟ್ರೀಯ ಲೀಗ್ ಗೆದ್ದ ಜೆಸಿಟಿ 2011ರಲ್ಲಿ ತಂಡವನ್ನೇ ವಿಸರ್ಜಿಸಿತು. ಅವರು ಕೋಚ್ ಆಗಿದ್ದ ರಾಯಲ್ ವಾಹಿಂಗ್‌ಡೋ ಮುಂದೆ ಐ-ಲೀಗಿಗೆ ಏರಿತು. 2014-15ರಲ್ಲಿ, ಮುಂಬೈಯ ಸಂತೋಷ್ ಕಶ್ಯಪ್ ಕೋಚ್ ಆಗಿದ್ದಾಗ, ಮೂರನೇ ಸ್ಥಾನ ಪಡೆಯಿತು. ಮುಂದಿನ ಸೀಸನ್ನಿಗೆ ಲೀಗಿನಲ್ಲಿ ಆ ಕ್ಲಬ್ಬೇ ಇರಲಿಲ್ಲ. ಮುಂಬೈಯಲ್ಲೂ ಅದೇ. 2005-06ರಲ್ಲಿ ರಾಷ್ಟ್ರೀಯ ಲೀಗ್ ಗೆದ್ದ ಮಹೀಂದ್ರ ಯುನೈಟೆಡ್ 2010ರಲ್ಲಿ ಬಾಗಿಲು ಹಾಕಿತು. ಬೆಂಗಳೂರಿನಲ್ಲಿ ಐಟಿಐ, ಎಚ್‌ಎಎಲ್ ತಂಡಗಳು ದೇಶದ ಲೀಗಿನಲ್ಲಿ ಆಡುತ್ತಿದ್ದ ಕಾಲವೊಂದಿತ್ತು. ಆ ಹೆಸರುಗಳೂ ಲೀಗಿನ ಪಟ್ಟಿಯಿಂದ ಅಳಿಸಿಹೋದವು.

ನಮಗೆ ಇದು ಹೊಸ ಕತೆಯಲ್ಲ. 1982ರ ಗಿರಣಿ ಮುಷ್ಕರದ ಹೆಸರು ಕೇಳದ ಮನೆ ನಮ್ಮಲ್ಲಿಲ್ಲ. ಶಹಾಡಿನ ಆಚೆ ಮೋಹನೆಯ ಎನ್‌ಆರ್‌ಸಿ ಕಾರ್ಖಾನೆ 2009ರಲ್ಲಿ ನಿಂತಾಗ ಈ ಕಡೆಯ ಎಷ್ಟೋ ಮನೆಗಳ ಒಲೆ ಮಂಕಾಯಿತು. ಕಾರ್ಖಾನೆ ಮುಚ್ಚಿದರೆ ಕಳೆಯುವುದು ಸಂಬಳ ಮಾತ್ರವಲ್ಲ. ಮೂವತ್ತು ವರ್ಷದ ಫಿಟ್ಟರನಿಂದ ಹೊಸ ಹುಡುಗ ಕೈಕೆಲಸ ಕಲಿಯುವ ಸಾಲು ಕಡಿದುಹೋಗುತ್ತದೆ. ಕ್ಲಬ್ ಮುಚ್ಚಿದಾಗಲೂ ಅದೇ ಆಗುವುದು. ಆಟ ಬಿಟ್ಟ ಹಿರಿಯ ಅದೇ ಕ್ಲಬ್ಬಿನ ಹುಡುಗರ ತಂಡಕ್ಕೆ ಕೋಚ್ ಆಗಿ, ಆಮೇಲೆ ಸಹಾಯಕನಾಗಿ, ಕೊನೆಗೆ ದೊಡ್ಡ ತಂಡಕ್ಕೆ ಏರುವ ಮೆಟ್ಟಿಲೇ ಇರುವುದಿಲ್ಲ. ಜೆಸಿಟಿ ಉಳಿದಿದ್ದರೆ ಅದರ ಹಳೆಯ ಮಿಡ್‌ಫೀಲ್ಡರ್ ಅಲ್ಲಿ ಏನಾಗುತ್ತಿದ್ದರೋ ಯಾರು ಬಲ್ಲರು?

ಇನ್ನು ಉಳಿದ ದೊಡ್ಡ ಕುರ್ಚಿಗಳ ಮಾತು. 2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿತು. ಮೊದಲ ಪ್ರಯತ್ನದಲ್ಲೇ ಐ-ಲೀಗ್ ಗೆದ್ದಿತು. ಕೋಚ್ ಇಂಗ್ಲೆಂಡಿನ ಆಶ್ಲೀ ವೆಸ್ಟ್‌ವುಡ್. 2019ರ ಮಾರ್ಚ್ 17ರಂದು ನಮ್ಮ ಅಂಧೇರಿಯ ಮೈದಾನದಲ್ಲಿ ಗೋವಾವನ್ನು 1-0ರಿಂದ ಸೋಲಿಸಿ ಐಎಸ್‌ಎಲ್ ಗೆದ್ದಾಗ 117ನೇ ನಿಮಿಷದಲ್ಲಿ ಗೋಲು ಹೊಡೆದವನು ಮುಂಬೈ ಹುಡುಗ ರಾಹುಲ್ ಭೇಕೆ. ಬೆಂಗಳೂರಿನ ತಂಡ, ಮುಂಬೈಯ ನೆಲ, ಮುಂಬೈ ಹುಡುಗನ ಗೋಲು! ವಲಸೆ ಕನ್ನಡಿಗನಿಗೆ ಇದಕ್ಕಿಂತ ಸವಿಯಾದ ರಾತ್ರಿ ಬೇಕೆ? ಕೋಚ್ ಮಾತ್ರ ಸ್ಪೇನಿನ ಕಾರ್ಲೆಸ್ ಕ್ವಾಡ್ರಾಟ್. ಅವರ ಕೆಲಸದಲ್ಲಿ ಹೆಸರಿಡುವಂಥದ್ದೇನೂ ಇಲ್ಲ. ಆದರೆ 2014ರಲ್ಲಿ ಶುರುವಾದ ಐಎಸ್‌ಎಲ್‌ನಲ್ಲಿ ಒಬ್ಬ ಭಾರತೀಯ ಪೂರ್ಣಾವಧಿ ಮುಖ್ಯ ಕೋಚ್ ಆಗಲು 2021ರ ಅಕ್ಟೋಬರ್‌ವರೆಗೆ ಕಾಯಬೇಕಾಯಿತು. ಚಾಪ್ಮನ್ ತೀರಿಕೊಂಡು ಆಗ ಒಂದು ವರ್ಷವಾಗಿತ್ತು.

ಆ ಕುರ್ಚಿ ಸಿಕ್ಕಿದ್ದು ಮುಂಬೈಯ ಖಾಲಿದ್ ಜಮೀಲ್ ಅವರಿಗೆ. ಅವರೂ ಮಹೀಂದ್ರ, ಏರ್ ಇಂಡಿಯಾ, ಮುಂಬೈ ಎಫ್‌ಸಿ ತಂಡಗಳಲ್ಲಿ ಆಡಿ ಬಂದ ಮಿಡ್‌ಫೀಲ್ಡರ್. ಅವರ ದಾರಿ ತೆರೆದದ್ದು ಹೇಗೆ? ಆಡಿದ ಮುಂಬೈ ಎಫ್‌ಸಿ ಕ್ಲಬ್ಬೇ ಅವರನ್ನು ಕೋಚ್ ಮಾಡಿತು. ಗೆಲುವು ಸೋಲು ಎರಡನ್ನೂ ನೋಡುತ್ತ ವರ್ಷಗಟ್ಟಲೆ ಉಳಿಸಿಕೊಂಡಿತು. ಆ ಅನುಭವ ಹೊತ್ತುಕೊಂಡು ಮಿಜೋರಾಂಗೆ ಹೋದವರು 2017ರಲ್ಲಿ ಐಜಾಲ್ ಎಂಬ ಪುಟ್ಟ ಕ್ಲಬ್ಬಿಗೆ ಐ-ಲೀಗ್ ಗೆದ್ದುಕೊಟ್ಟರು. 2025ರ ಆಗಸ್ಟಿನಲ್ಲಿ ಭಾರತ ತಂಡದ ಮುಖ್ಯ ಕೋಚ್ ಆದರು. ಆ ಕುರ್ಚಿಯಲ್ಲಿ ಭಾರತೀಯರೊಬ್ಬರು ಕೂತದ್ದು 13 ವರ್ಷಗಳ ನಂತರ. ಕಲಿಯುವಾಗ ತಪ್ಪನ್ನು ಸಹಿಸಿಕೊಂಡ ಒಂದು ಮನೆ ಸಿಕ್ಕರೆ ನಮ್ಮವರೂ ಏರುತ್ತಾರೆ ಎನ್ನಲು ಇದಕ್ಕಿಂತ ಸಾಕ್ಷಿ ಬೇಡ. ಆದರೆ ಅದೇ 2025ರ ಜುಲೈನಲ್ಲಿ ಐಎಸ್‌ಎಲ್ ಅನ್ನು ತಡೆಹಿಡಿಯಲಾಯಿತು. ಆಗಸ್ಟಿನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳ ನಿಲ್ಲಿಸುತ್ತಿರುವುದಾಗಿ ಪ್ರಕಟಿಸಿತು. ಒಂದು ಕೈಯಲ್ಲಿ ಕುರ್ಚಿ ಕೊಟ್ಟು ಇನ್ನೊಂದು ಕೈಯಲ್ಲಿ ನೆಲ ಎಳೆದ ಹಾಗೆ.

ಇಷ್ಟನ್ನೆಲ್ಲ ನಾನು ಬರೆಯಲು ಕೂತದ್ದು ಸುಮ್ಮನೆ ಅಲ್ಲ. ನಾಲ್ಕನೇ ಕ್ಯಾಂಪಿನ ನಮ್ಮ ಪರಿಚಯದವರೊಬ್ಬರು ಕುಂದಾಪುರ ಕಡೆಯವರು, ಹೋಟೆಲಿನಲ್ಲೇ ತಲೆಗೂದಲು ಬೆಳ್ಳಗೆ ಮಾಡಿಕೊಂಡವರು. ಅವರ ಮಗ ಮುಂಬೈಯ ಸ್ಥಳೀಯ ಲೀಗಿನಲ್ಲಿ ಆಡುತ್ತಿದ್ದ. ಇಪ್ಪತ್ತಮೂರಕ್ಕೇ ಮೊಣಕಾಲು ಹೋಯಿತು. ಈಗ ಕೋಚಿಂಗ್ ಲೈಸೆನ್ಸ್ ಮಾಡುತ್ತೇನೆ ಎಂದು ಹೊರಟಿದ್ದಾನೆ. ಅಪ್ಪ ನನ್ನ ಹತ್ತಿರ ಬಂದು ಕೇಳಿದ್ದು ಇಷ್ಟೇ.

“ಮಾರಾಯ್ರೆ, ನೀವು ಫುಟ್ಬಾಲ್ ನೋಡುವವರು, ನೀವೇ ಹೇಳಿ. ಆಡುವುದರಲ್ಲೇ ಅನ್ನ ಇಲ್ಲದ ದೇಶ ಇದು. ಇವ ಆಡಿಸ್ತೇನೆ ಅಂತ ಹೇಳ್ತಾನೆ. ಅದರಲ್ಲಿ ಅನ್ನ ಉಂಟಾ?”

“ಅನ್ನ ಉಂಟು, ಊಟದ ಹೊತ್ತು ಮಾತ್ರ ಗೊತ್ತಿಲ್ಲ” ಎಂದೆ.

ಅವರು ನಗಲಿಲ್ಲ. ಹಾಗಾಗಿ ಬಿಡಿಸಿ ಹೇಳಿದೆ. ಈಗ ಕೋಚ್ ಆಗುವುದಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಲೈಸೆನ್ಸ್ ಇದೆ. ಕೆಳಗೆ ಡಿ, ಆಮೇಲೆ ಸಿ, ಬಿ, ಎ, ತುದಿಯಲ್ಲಿ ಪ್ರೊ. ಡಿ ಮಾಡಿದ ಕೂಡಲೇ ಯಾರೂ ಹಾರ ಹಾಕುವುದಿಲ್ಲ. ಒಂದೊಂದು ಮೆಟ್ಟಿಲಿಗೂ ದುಡ್ಡು ಬೇಕು, ನಡುವೆ ಮಕ್ಕಳನ್ನು ಆಡಿಸಿದ ಅನುಭವ ಬೇಕು. ಶಾಲೆಯಲ್ಲಿ ಆಟದ ಮಾಸ್ತರಿಕೆಯೋ, ಬಾಡಿಗೆ ಟರ್ಫ್‌ಗಳಲ್ಲಿ ಸಂಜೆಯ ಮಕ್ಕಳ ಬ್ಯಾಚೋ ಜೊತೆಗೆ ಇರಬೇಕು. ಪೆಲೆಗ್ರಿನಿ ಆಡುತ್ತಲೇ ಇಂಜಿನಿಯರಿಂಗ್ ಮುಗಿಸಿದ್ದರು ಎಂಬುದನ್ನು ಮಗನಿಗೆ ಹೇಳಿ, ಬಿ.ಪಿ.ಎಡ್. ಆದರೂ ಮಾಡಲಿ ಎಂದೆ. ಟಿವಿಯಲ್ಲಿ ಕಾಣುವ ಕುರ್ಚಿಗಾಗಿ ಹೊರಟರೆ ಬೇಡ. ಹತ್ತು ವರ್ಷದ ಮಕ್ಕಳಿಗೆ ಚೆಂಡು ನಿಲ್ಲಿಸುವುದನ್ನು ಕಲಿಸಿ ಖುಷಿಪಡುವವನಾದರೆ ತಡೆಯಬೇಡಿ ಎಂದೆ.

ಚಾಪ್ಮನ್ ಅವರ ಎರಡನೇ ಇನಿಂಗ್ಸನ್ನು ನಾನು ಓದುವುದೂ ಹಾಗೆಯೇ. ದೊಡ್ಡ ಕುರ್ಚಿ ಸಿಗಲಿಲ್ಲ ಎಂದು ಅದನ್ನು ಸೋಲು ಎನ್ನಲಾರೆ. ಭಾರತದ ನಾಯಕನಾಗಿದ್ದವರು ಶಿಲ್ಲಾಂಗಿನ ಚಳಿಯಲ್ಲಿ, ಕೋಯಿಕ್ಕೋಡಿನ ಸೆಖೆಯಲ್ಲಿ ಹೆಸರಿಲ್ಲದ ಹುಡುಗರ ಜೊತೆ ನಿಂತರು. ತಾನು ಜಮ್‌ಶೆಡ್‌ಪುರದಲ್ಲಿ ಪಡೆದದ್ದನ್ನು ಮೊದಲು ಜಮ್‌ಶೆಡ್‌ಪುರಕ್ಕೇ ಹಿಂದಿರುಗಿಸಿದರು. ಸೋತದ್ದು ಅವರಲ್ಲ. ಅಂಥವರನ್ನು ಹತ್ತು ವರ್ಷ ಒಂದೇ ಕಡೆ ನಿಲ್ಲಿಸಿಕೊಳ್ಳುವ ಮನೆ ಕಟ್ಟಲಾಗದ ನಮ್ಮ ವ್ಯವಸ್ಥೆ.

ಮನೆ ಕಟ್ಟುವುದೆಂದರೆ ಕೋಟಿಗಟ್ಟಲೆಯ ಮಾತೇ ಆಗಬೇಕಿಲ್ಲ. ಇಲ್ಲಿ ನಮ್ಮ ಕನ್ನಡ ಸಂಘಗಳನ್ನು ನೆನೆಯುತ್ತೇನೆ. ಡೊಂಬಿವಲಿಯಿಂದ ಅಂಬರನಾಥದವರೆಗೆ, ಥಾಣೆಯಿಂದ ನವಿಮುಂಬೈವರೆಗೆ ಎಷ್ಟೊಂದು ಸಂಘಗಳಿವೆ. ವರ್ಷಕ್ಕೊಮ್ಮೆ ಕ್ರೀಡಾಕೂಟ ಮಾಡುತ್ತೇವೆ. ಒಂದು ಭಾನುವಾರ ಕ್ರಿಕೆಟ್, ತ್ರೋಬಾಲ್, ಹಗ್ಗಜಗ್ಗಾಟ. ಸಂಜೆಗೆ ಟ್ರೋಫಿ, ಶಾಲು, ಫೋಟೊ. ಟ್ರೋಫಿಯ ಖರ್ಚನ್ನೇ ಸ್ವಲ್ಪ ತಗ್ಗಿಸಿ, ಎರಡು ಮೂರು ಸಂಘಗಳು ಕೂಡಿ, ಲೈಸೆನ್ಸ್ ಇರುವ ಒಬ್ಬ ಹುಡುಗನಿಗೆ ವರ್ಷವಿಡೀ ತಿಂಗಳ ಸಂಬಳ ಕೊಡಲಾಗದೆ? ಭಾನುವಾರ ಬೆಳಿಗ್ಗೆ ಎರಡು ಗಂಟೆ ನಮ್ಮ ಮಕ್ಕಳನ್ನು ಆಡಿಸಲಿ. ಮಕ್ಕಳಿಗೆ ಆಟ ಬರುತ್ತದೆ, ಆಡಿಸುವವನ ಕಿವಿಗೆ ಬಿದ್ದು ಆಡುವವರ ಬಾಯಿಗೆ ಕನ್ನಡವೂ ಬರುತ್ತದೆ. ಅವನಿಗೆ ಮುಂದಿನ ಲೈಸೆನ್ಸಿಗೆ ಬೇಕಾದ ಅನುಭವ ಸಿಗುತ್ತದೆ. ಮೊದಲ ವರ್ಷ ನಾಲ್ಕೇ ಮಕ್ಕಳು ಬರಬಹುದು. ಬಂದವರೂ ಮಳೆಗಾಲದಲ್ಲಿ ಬಿಡಬಹುದು. ಆಗ ‘ಇದು ಆಗುವುದಲ್ಲ’ ಎಂದು ಲೆಕ್ಕಪುಸ್ತಕ ಮುಚ್ಚದೆ ಎರಡನೇ ವರ್ಷವೂ ಸಂಬಳ ಕೊಡುವ ಸಂಘವಿದ್ದರೆ ಅದೇ ಒಂದು ಕ್ಲಬ್ಬು.

ಮುಂದಿನ ವಾರ್ಷಿಕ ಸಭೆಯ ಸೂಚನಾಪತ್ರ ನಿಮ್ಮ ಮೊಬೈಲಿಗೆ ಬಂದಾಗ ಈ ವಿಷಯವನ್ನು ಒಂದು ಸಾಲು ಬರೆದು ಕಳಿಸಿ ನೋಡಿ. ನಾನು ನಮ್ಮ ಸಂಘಕ್ಕೆ ಕಳಿಸಿದ್ದೇನೆ.